ಮಾವ ಮತ್ತು ಎರಡು ಬಣ್ಣದ ರೈಲು

ಲೀಡ್ಸ್ ಸ್ಟೇಷನ್ನಿಗೆ ರೈಲು ಬಂದು ನಿಂತದ್ದೇ ತಡ, ನನ್ನ ಮಾವ ಪ್ಲಾಟ್‌ಫಾರ್ಮ್ ಮೇಲೆ ಮಂಡಿಯೂರಿ ಎರಡು ಬೋಗಿಗಳ ನಡುವೆ ಬಗ್ಗಿ ನೋಡತೊಡಗಿದರು. ಇಲ್ಲಿ ಇಂಗ್ಲೆಂಡಿನಲ್ಲಿ ರೈಲುಗಳು ಮತ್ತೆ ಸರ್ಕಾರದ ಕೈಗೆ ಬರುತ್ತಿರುವ ಹೊಸತು. ಹಳೇ ಖಾಸಗಿ ಕಂಪನಿಗಳ ಬಣ್ಣ ಇನ್ನೂ ಹೋಗಿಲ್ಲ. ಅವತ್ತಿನದು ಮುಂದೆ ನೇರಳೆ, ಹಿಂದೆ ಬಿಳಿ.

ಮಾವ ಕುಸಿದರೆಂದುಕೊಂಡು ಗಾರ್ಡ್ ಹೆಂಗಸು ಓಡಿಬಂದಳು. “ಆರ್ ಯು ಆಲ್‌ರೈಟ್, ಲವ್?”

‘ಲವ್’ ಕೇಳಿ ಮಾವನ ಕಿವಿ ಕೆಂಪಾಯಿತು. ಈ ಕಡೆ ಎಲ್ಲರನ್ನೂ ಹಾಗೇ ಕರೆಯುತ್ತಾರೆ ಎಂದು ಹೇಳುವಷ್ಟು ಸಲಿಗೆ ನನಗಿರಲಿಲ್ಲ. ಮದುವೆಯಾಗಿ ಆರು ವರ್ಷವಾದರೂ ಮಾವ-ಅಳಿಯನ ಮಾತು ‘ಊಟ ಆಯ್ತಾ’ ದಾಟಿರಲಿಲ್ಲ.

“ಮೂವತ್ತೈದು ವರ್ಷ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಾಗ ಇದನ್ನ ಮಾಡೇನಿ. ಈ ಜೋಡಿ ಹೆಂಗ ಕೂಡ್ಸ್ಯಾರ, ಕೇಳ್ರಿ ಆಕಿಗೆ,” ಎಂದರು ನನಗೆ.

ಕೇಳಿದೆ. ಆಕೆ ನಕ್ಕು, ಬಣ್ಣ ಬೇರೆಯಾದರೂ ಕೊಂಡಿ ಒಂದೇ ಥರದ್ದು ಎಂದು ಬಗ್ಗಿ ತೋರಿಸಿದಳು. ರೈಲು ಹತ್ತಿದ ಮೇಲೂ ಮಾವ ಮಾತು ನಿಲ್ಲಿಸಲಿಲ್ಲ. ಮ್ಯಾಂಚೆಸ್ಟರ್ ಬರುವ ತನಕ ನೀರಿನ ಬಾಟಲಿಗೆ ಚಕ್ಕುಲಿ ಡಬ್ಬ ತಾಗಿಸಿ ಕೊಂಡಿ, ಬ್ರೇಕುಗಳ ಪಾಠ ಮಾಡಿದರು. ಡಾಕ್ಟರಾದ ನನಗೆ ಅರ್ಧವೂ ತಿಳಿಯಲಿಲ್ಲ. ಆದರೂ ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಲೇ ಇದ್ದೆ.

ಈಗ ಮಾವ ಊರಿಗೆ ಮರಳಿದ್ದಾರೆ. ಭಾನುವಾರದ ಫೋನ್ ಮೊದಲು ನನಗೇ ಬರುತ್ತದೆ. ಅವರ ಮಗಳು ಪಕ್ಕದಲ್ಲಿ ಕೂತು ತನ್ನ ಸರದಿಗೆ ಕಾಯುತ್ತಾಳೆ.