ರೊಟ್ಟಿ ಬಳಗದಲ್ಲಿ ಕಂಡ ಕೈ

ದಾವಣಗೆರೆಯ ಶಾಮನೂರಿನ ನಮ್ಮ ಮನೆಯ ಹಿಂದೆ ತಗಡಿನ ಕೆಳಗೆ ನಾನು ಜೋಳದ ರೊಟ್ಟಿ ಮಾಡಿಸುತ್ತೇನೆ. ಖಾನಾವಳಿಗೂ ಕೊಡುತ್ತೇನೆ, ಮದುವೆ ಮನೆಗೂ ಕೊಡುತ್ತೇನೆ. ಬಡಿಯಲು ಬರುವವರೆಲ್ಲ ಹೆಂಗಸರೇ. ಮೊದಲು ಗಿರಾಕಿಗಳು ಮನೆ ಬಾಗಿಲಿಗೆ ಬಂದು ಕೇಳುತ್ತಿದ್ದರು, ನಾನು ಬಾಗಿಲಲ್ಲಿ ನಿಂತು ಹೇಳುತ್ತಿದ್ದೆ. ಫೋನಿನಲ್ಲಿ ಬಳಗ ಕಟ್ಟಿದ್ದು ನನ್ನ ಮೊಮ್ಮಗಳು.

ಅವಳಿಗೆ ಅದೇ ಕೆಲಸ. ಪಿ.ಜೆ. ಬಡಾವಣೆಯ ಒಂದು ಆಫೀಸಿಗೆ ಹೋಗುತ್ತಾಳೆ. ಬಟ್ಟೆ ಅಂಗಡಿಯವರು ಬಂದರೆ ಅವರ ಗಿರಾಕಿಗಳನ್ನೆಲ್ಲ ಫೋನಿನಲ್ಲಿ ಒಂದು ಕಡೆ ಸೇರಿಸುತ್ತಾಳೆ, ಕೆಲಸದವರನ್ನು ಇನ್ನೊಂದು ಕಡೆ. ಸೇರಿಸಿ ದಿನಾ ಮಾತಾಡಿಸುತ್ತಾಳೆ. ಅದಕ್ಕೆ ಸಂಬಳ ಕೊಡುತ್ತಾರೆ ಎಂದರೆ ನಾನು ನಂಬಿರಲಿಲ್ಲ.

"ಅಜ್ಜಿ, ನಿನ್ನ ರೊಟ್ಟಿಗೂ ಒಂದು ಬಳಗ ಮಾಡ್ತೀನಿ," ಅಂದಳು.

"ಇರೋ ಬಳಗನೇ ಸಾಕಾಗೈತೆ," ಅಂದೆ.

ಅವಳು ಕೇಳುವವಳಲ್ಲ, ಎರಡು ಮಾಡಿದಳು. ಕೆಲಸದವರ ಗ್ರೂಪಿನಲ್ಲಿ ನಾಳೆ ಯಾರು ಬರುತ್ತಾರೆ, ಎಷ್ಟು ಹಿಟ್ಟು ಬೀಸಿಸಬೇಕು ಎಂಬುದು. ನಮ್ಮಲ್ಲಿ ಓದಲು ಬರುವವರು ಕಡಿಮೆ, ಎಲ್ಲ ಬಾಯಲ್ಲೇ ಹೇಳಿ ಕಳಿಸುತ್ತೇವೆ. ಗಿರಾಕಿಗಳ ಗ್ರೂಪಿಗೆ ದಾವಣಗೆರೆಯವರೂ ಹರಿಹರದವರೂ ಸೇರಿದರು. ಅಲ್ಲಿ ಬರೀ ರೇಟು ಹೇಳಿದರೆ ಜನ ನಿಲ್ಲುವುದಿಲ್ಲ, ಏನಾದರೂ ತೋರಿಸಬೇಕು, ಕೇಳಬೇಕು ಎಂದಳು. ರೊಟ್ಟಿಗೆ ಎಣ್ಣೆಗಾಯಿ ಮೇಲೋ ಹೆಸರುಕಾಳು ಮೇಲೋ ಎಂದು ಕೇಳಿದ್ದಕ್ಕೆ ಜನ ಸಂಜೆವರೆಗೂ ಜಗಳಾಡಿದರು. ಎಸರು ಇಡುವುದು ಹೇಗೆ, ಅಂದರೆ ಹಿಟ್ಟಿಗೆ ಹಾಕುವ ನೀರು ಎಷ್ಟು ಕುದಿಯಬೇಕು ಎಂದು ನಾನೇ ಹೇಳಿ ಕಳಿಸಿದೆ. ವ್ಯಾಪಾರ ಏರಿತು, ಸುಳ್ಳು ಹೇಳಬಾರದು.

ಆಮೇಲೆ ವಿಡಿಯೊ ಮಾಡುತ್ತೇನೆ ಎಂದಳು. ರೊಟ್ಟಿ ಬಡಿಯುವುದನ್ನು ಜನ ನೋಡಬೇಕಂತೆ. ಎಲ್ಲರಿಗಿಂತ ಚೆಂದ ಬಡಿಯುವವಳು ಕೊಂಡಜ್ಜಿ ಎಂಬ ಊರಿನ ಕಡೆಯ ಸೊಸೆ. ತೊಂದರೆ ಇದ್ದದ್ದು ಅಲ್ಲೇ.

ಅವಳ ಗಂಡನ ಮನೆ ಕೊಂಡಜ್ಜಿ ಹತ್ತಿರ. ಹೊಲ, ತೋಟ, ಆಳುಕಾಳು ಇರುವವರು. ಗಂಡ ಇಲ್ಲಿ ಮಾರ್ಕೆಟ್ಟಿನಲ್ಲಿ ದಲ್ಲಾಳಿ ಅಂಗಡಿಗೆ ಹೋಗುತ್ತಾನೆ ಎಂದು ಇಬ್ಬರೂ ದಾವಣಗೆರೆಗೆ ಬಂದವರು. ಆ ಮನೆಯ ಸೊಸೆ ಕಂಡವರ ಮನೆಯಲ್ಲಿ ಕೂಲಿಗೆ ರೊಟ್ಟಿ ಬಡಿಯುವುದು ಅಂದರೆ ಅವರಿಗೆ ಮುಖ ಎತ್ತುವ ಹಾಗಿಲ್ಲ. ಹೊಲಿಗೆ ಅಂಗಡಿಗೆ ಹೋಗುತ್ತೇನೆ ಎಂದು ಅತ್ತೆಗೆ ಹೇಳಿಟ್ಟಿದ್ದಳು. ಗಂಡನಿಗೆ ನಿಜ ಗೊತ್ತು, ತಾಯಿಯ ಎದುರು ಬಾಯಿ ಬಿಡುವವನಲ್ಲ. ಗೊತ್ತಾದ ದಿನ ಅತ್ತೆ ಅವಳನ್ನು ಊರಿಗೆ ಎಳೆದುಕೊಂಡು ಹೋಗುತ್ತಾಳೆ, ಮತ್ತೆ ಕಳಿಸುವುದಿಲ್ಲ. ಇದು ನಮಗೆಲ್ಲ ಗೊತ್ತಿತ್ತು.

"ಮುಖ ಬರಬಾರ್ದು ನೋಡವ್ವ," ಅಂದಳು ಅವಳು.

ಮೊಮ್ಮಗಳು ಹುಷಾರಾಗಿಯೇ ತೆಗೆದಳು. ಮುಖ ಇಲ್ಲ, ಸೀರೆಯ ಅಂಚೂ ಇಲ್ಲ, ಬರೀ ಎರಡು ಕೈ ಮತ್ತು ರೊಟ್ಟಿ. ನಾವೆಲ್ಲ ಸುತ್ತ ಕೂತು ನೋಡಿದೆವು. ಚೆನ್ನಾಗೈತೆ, ಹಾಕು ಅಂದೆ. ಅಷ್ಟು ಹೆಂಗಸರಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ. ಮದುವೆಯಾಗಿ ಬಂದವಳ ಕೈಯನ್ನು ನಮ್ಮ ಕಡೆ ಅತ್ತೆ ತಿದ್ದುತ್ತಾಳೆ. ಒಂದೊಂದು ಮನೆಗೆ ಒಂದೊಂದು ಕೈ. ನಾವೆಲ್ಲ ರೊಟ್ಟಿಯನ್ನು ಬಲಕ್ಕೆ ತಿರುಗಿಸಿಕೊಂಡು ಬಡಿದರೆ ಅವಳು ಎಡಕ್ಕೆ ತಿರುಗಿಸುತ್ತಾಳೆ; ಎರಡು ಏಟು, ಒಂದು ತಡೆ. ಕಣ್ಣು ಮುಚ್ಚಿಕೊಂಡರೂ ಅವಳ ಸಪ್ಪಳ ಗೊತ್ತಾಗುತ್ತದೆ. ದಿನಾ ಕೇಳುವ ನಾವು ಅದನ್ನೇ ಮರೆತು ಮುಖ ಮುಚ್ಚಿದೆವು.

ಮಾರನೆ ದಿನ ಎಲ್ಲರೂ ಬಡಿಯುತ್ತಿದ್ದಾಗ ಗಿರಾಕಿಗಳ ಗ್ರೂಪಿನಲ್ಲಿ ಹರಿಹರದ ಒಬ್ಬಾಕೆ ಮಾತಾಡಿ ಕಳಿಸಿದಳು. ನಾನು ಕೈಯಲ್ಲಿ ಹಿಟ್ಟು ಇದ್ದಂತೆಯೇ ಅದನ್ನು ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಹಾಕಿದೆ.

"ಅಜ್ಜಿ, ಆ ರೊಟ್ಟಿ ಬಡಿಯೋ ಕೈ ಯಾರದ್ರಿ? ನಮ್ಮ ಪಕ್ಕದ ಮನಿಗೆ ಕೊಂಡಜ್ಜಿ ಕಡೆ ಹಿರ್ಯಾರೊಬ್ರು ಬಂದಿದ್ರು. ಇನ್ನೊಮ್ಮೆ ಹಾಕು, ಇನ್ನೊಮ್ಮೆ ಹಾಕು ಅಂತ ನನ್ನ ಫೋನಿನಾಗೆ ಅದನ್ನೇ ನೋಡಿದ್ರು. ಚಾ ಸೈತ ಕುಡೀದಂಗೆ ಎದ್ದು ಹೋದ್ರು."

ಕೊಂಡಜ್ಜಿ ಸೊಸೆಯ ಕೈ ನಿಂತಿತು. ಉಳಿದವರ ಕೈಯೂ ನಿಂತಿತು. ಹಂಚಿನ ಮೇಲೆ ಒಂದು ರೊಟ್ಟಿ ಕರಿಯಾಗುತ್ತಿತ್ತು, ಯಾರೂ ತೆಗೆಯಲಿಲ್ಲ.

"ನಮ್ಮತ್ತೆ," ಅಂದಳು.

ಅಷ್ಟರಲ್ಲಿ ಗ್ರೂಪಿನಲ್ಲಿ ಬೇರೆಯವರು ಶುರು ಮಾಡಿದರು. ಹೌದಲ್ಲ, ಯಾರ ಕೈ? ಹೇಳಿದೋರಿಗೆ ಏನು ಕೊಡ್ತೀರಿ? ಎರಡು ಡಜನ್ ರೊಟ್ಟಿ ಫ್ರೀ ಐತೇನು? ಅವರಿಗೆ ತಮಾಷೆ. ಮೊಮ್ಮಗಳು ಆಫೀಸಿನಿಂದ ಓಡಿ ಬಂದಳು. ಇದು ನಮ್ಮಲ್ಲಿ ತೆಗೆದದ್ದಲ್ಲ ಎಂದು ಬರೆದುಬಿಡಲೇ ಎಂದು ಕೇಳಿದಳು.

"ನಾಳೆ ಆಯಮ್ಮ ಬಂದು ಇಲ್ಲೇ ನಿಂತ್ರೆ ಏನು ಬರೀತಿ?" ಅಂದೆ.

ಅವಳು ಏನೋ ಒತ್ತಿ ಗ್ರೂಪಿನಲ್ಲಿ ಯಾರೂ ಮಾತಾಡದ ಹಾಗೆ ಮಾಡಿದಳು. ಅದರಿಂದ ಇನ್ನೂ ಕೆಟ್ಟಿತು. ಬಾಯಿ ಮುಚ್ಚಿಸಿದರೆ ಜನ ಸುಮ್ಮನಿರುತ್ತಾರೆಯೇ? ನನ್ನ ಫೋನಿಗೇ ಒಬ್ಬೊಬ್ಬರಾಗಿ ಕೇಳತೊಡಗಿದರು.

ಮರುದಿನ ಬಿಸಿಲೇರುವ ಮೊದಲೇ ಅತ್ತೆ ಬಂದಳು. ಹರಿಹರದ ಬಸ್ಸಿಳಿದು ನಡೆದೇ ಬಂದಿದ್ದಳು. ಎತ್ತರದ ಹೆಂಗಸು, ಹಣೆ ತುಂಬ ವಿಭೂತಿ. ಒಂದು ಮದುವೆ ಮನೆಗೆ ಅವತ್ತೇ ರೊಟ್ಟಿ ಕಳಿಸಬೇಕಿತ್ತು, ಯಾರೂ ಏಳುವ ಹಾಗಿರಲಿಲ್ಲ.

"ಬರ್ರಿ, ಕೂಡ್ರಿ," ಅಂದೆ. ನೀರು ಕೊಟ್ಟೆ.

"ನೀರು ಬ್ಯಾಡ. ಸೊಸೀನ ಕರಕೊಂಡು ಹೋಗಾಕೆ ಬಂದೀನಿ." ಅವಳ ಕಡೆ ತಿರುಗಿದಳು. "ಹೊಲಿಗೆ ಅಂದಿದ್ದೆಲ್ಲ. ಎಲ್ಲೈತೆ ಮಿಷನ್ನು? ಹಿಟ್ಟಿನಾಗೆ ಮುಳುಗೈತೇನು?"

"ಹೊಲಿಗೆ ಅಂದಿದ್ದು ಸುಳ್ಳು ಅತ್ತೆ," ಅಂದಳು ಅವಳು. ತಲೆ ಎತ್ತಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ. ನಾದಿದ ಹಿಟ್ಟು ಆರಿದರೆ ಸೀಳುತ್ತದೆ.

"ಮುಖ ಮುಚ್ಚಿಗಂಡು ಮಾಡಾದು ಎಂಥ ಕೆಲಸ?"

ಮೊಮ್ಮಗಳು ಮುಂದೆ ಬಂದಳು. "ದೊಡ್ಡಮ್ಮ, ಆ ವಿಡಿಯೊ ಈಗ್ಲೇ ತೆಗೆದುಬಿಡ್ತೀನಿ."

"ನೀನು ತೆಗೆದ್ರೆ ಹರಿಹರದೋರ ಕಣ್ಣಾಗಿಂದ ಹೋಗುತ್ತೇನು? ಆ ಕೈ ತಿದ್ದಿದಾಕಿ ನಾನು. ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ನನ್ನ ಮನಿ ಕೈನ ಊರಿಗೆಲ್ಲ ತೋರಿಸಿ ವ್ಯಾಪಾರ ಮಾಡ್ತೀರಿ. ಕೊನೀಗೆ ಗೊತ್ತಾಗಿದ್ದು ನನಗ."

ಆ ಮಾತು ಸರಿಯಾಗಿತ್ತು. ಆದರೂ ನಾನು ಸುಮ್ಮನಿರಲಿಲ್ಲ.

"ನೋಡ್ರಿ, ನಾನು ಅವಳನ್ನ ಎಳಕೊಂಡು ಬಂದಿಲ್ಲ. ಅವಳು ಬರ್ತೀನಿ ಅಂದ್ರೆ ಕರಕೊಂಡು ಹೋಗ್ರಿ. ಮೊದ್ಲು ಅವಳನ್ನ ಕೇಳ್ರಿ."

"ನನ್ನ ಸೊಸೀನ ನಾನು ಕೇಳಬೇಕಾ?"

"ಕೇಳ್ರಿ. ಕೈ ನಿಮ್ಮದಿರಬೋದು, ಕಾಲು ಅವಳದೇ."

ಸೊಸೆ ಆ ರೊಟ್ಟಿಯನ್ನು ಪೂರ್ತಿ ಬಡಿದಳು. ಎತ್ತಿ ಹಂಚಿಗೆ ಹಾಕಿದಳು, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿದಳು. ಹೋಗುತ್ತಾಳೆ ಎಂದುಕೊಂಡೆ. ನಾನಾಗಿದ್ದರೆ ಆ ವಯಸ್ಸಿನಲ್ಲಿ ಎದ್ದು ಹೋಗುತ್ತಿದ್ದೆ.

"ಬರಲ್ಲ ಅತ್ತೆ. ಹಬ್ಬಕ್ಕೆ ಬರ್ತೀನಿ. ಈಗ ಬರಲ್ಲ."

"ನನ್ನ ಮಗನಿಗೆ ಹೇಳ್ತೀನಿ."

"ಅವರಿಗೆ ಗೊತ್ತೈತೆ. ಮೊದಲ್ನೇ ದಿನದಿಂದ."

ಅತ್ತೆಯ ಮುಖ ಆಗ ಇಳಿಯಿತು. ಸೊಸೆ ಸುಳ್ಳು ಹೇಳಿದ್ದನ್ನು ತಡೆದುಕೊಂಡಿದ್ದಳು, ಮಗನದನ್ನು ತಡೆಯಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟಳು. ನೀರು ಮುಟ್ಟಲಿಲ್ಲ.

ಮೊಮ್ಮಗಳು ಇನ್ನೂ ಫೋನು ಹಿಡಿದೇ ನಿಂತಿದ್ದಳು. "ಅಕ್ಕ, ತೆಗೀಲಾ?"

"ಬ್ಯಾಡ. ಈಗ ತೆಗೆದ್ರೆ ಕದ್ದು ಮಾಡಿದಂಗೆ ಆಗುತ್ತೆ."

"ಮತ್ತೆ ಯಾರ ಕೈ ಅಂತ ಕೇಳ್ತಾರಲ್ಲ?"

"ಕೊಂಡಜ್ಜಿ ಕಡೆಯೋರ ಸೊಸೆ ಅಂತ ಬರಿ. ಅತ್ತೆ ಕಲಿಸಿದ್ದು ಅಂತಲೂ ಬರಿ, ಅದು ನಿಜ ಐತಲ್ಲ."

ಬರೆದಳು, ಗ್ರೂಪಿನ ಬಾಯಿ ಬಿಚ್ಚಿದಳು. ಕೆಲವರು ಹೂವು ಕಳಿಸಿದರು. ಹರಿಹರ ಕಡೆಯ ಅವಳ ಅತ್ತೆಮನೆಯ ಸಂಬಂಧಿಕರು ಕೆಲವರು ಗ್ರೂಪು ಬಿಟ್ಟು ಹೋದರು. ಹೋದವರು ಹೋಗಲಿ. ಆ ದಿನದ ನಂತರ ಕೆಲಸದವರನ್ನು ಕೇಳದೆ, ಕೇಳಿ ಒಂದು ರಾತ್ರಿ ಯೋಚನೆಗೆ ಬಿಡದೆ ಏನನ್ನೂ ಹಾಕಕೂಡದು ಎಂದು ಮೊಮ್ಮಗಳಿಗೆ ಹೇಳಿದ್ದೇನೆ. ಅವಳ ಆಫೀಸಿನಲ್ಲಿ ಇದನ್ನು ಹೇಳಿದರೆ ನಕ್ಕರಂತೆ.

ದೀಪಾವಳಿಗೆ ಆ ಸೊಸೆ ಗಂಡನ ಜೊತೆ ಊರಿಗೆ ಹೋದಳು. ಬರುತ್ತಾಳೋ ಇಲ್ಲವೋ ಎಂದು ನಾವು ಹೆಂಗಸರು ಅವಳು ರೊಟ್ಟಿ ಬಡಿಯುವ ಹಲಗೆಯನ್ನು ಯಾರಿಗೂ ಕೊಡದೆ ಕಾದೆವು. ಬಂದಳು.

"ಅತ್ತೆ ಮಾತಾಡಿಸಿದ್ರೇನು?" ಅಂದೆ.

"ಇಲ್ಲ. ಒಲಿ ಹತ್ರ ಬಿಡಲಿಲ್ಲ, ತಾವೇ ಬಡಿದ್ರು. ನಾನು ನೀಡಿದೆ, ಉಂಡೆ, ಬಂದೆ." ಹಿಟ್ಟು ಎಳೆದುಕೊಂಡು ಸ್ವಲ್ಪ ಹೊತ್ತು ನಾದಿದಳು. "ಆದ್ರೆ ಆಮೇಲೆ ಸೇರಿದ ಮೈದುನ ಗ್ರೂಪು ಬಿಟ್ಟಿಲ್ಲ. ನೀವು ಮಾತಾಡಿ ಕಳಿಸೋದನ್ನೆಲ್ಲ ಅತ್ತೆ ಅವನ ಫೋನಿನಾಗೆ ಹಾಕಿಸಿಗಂಡು ಕೇಳ್ತಾರೆ."

"ಕೇಳಿ ಏನಂತಾಳೆ?"

"ಈ ಮುದುಕಿಗೆ ಎಸರು ಇಡಾಕೂ ಬರಲ್ಲ ಅಂತಾರೆ."

ನನ್ನ ಮೈ ಉರಿಯಿತು. ಬಂದು ತೋರಿಸಲಿ ಎಂದು ಅವತ್ತೇ ಗ್ರೂಪಿನಲ್ಲಿ ಹೇಳಿ ಕಳಿಸಿದೆ. ಇನ್ನೂ ಬಂದಿಲ್ಲ.