ಅತ್ತೆಯ ಬೆತ್ತ ಲೈವಿಗೆ ಬಂದದ್ದು

ಬೆತ್ತದ ಕುರ್ಚಿ ಹೆಣೆಯುವ ಅತ್ತೆಯ ಮುಂದೆ ಸೊಸೆಯದು ಒಂದೇ ರಾಗ: "ದಿನಾ ಒಂದು ಫೋಟೋ ಇನ್‌ಸ್ಟಾಗ್ರಾಮಿಗೆ ಹಾಕಿ ಅತ್ತೆ, ಇಲ್ದಿದ್ರೆ ಜನ ಮರೆತುಬಿಡ್ತಾರೆ."

"ಕುರ್ಚಿ ಮುಗಿಯೋದೇ ವಾರಕ್ಕೊಂದು. ದಿನಾ ಏನು, ನನ್ನ ತಲೆ ಹಾಕ್ಲಾ?" ಎಂದು ಅತ್ತೆ ಸಿಡುಕುತ್ತಿದ್ದಳು.

ಇವತ್ತು ಕಾಟ ತಾಳಲಾರದೆ ಫೋಟೋ ತೆಗೆಯಲು ಹೋದವಳು ಗೊತ್ತಾಗದೆ ಲೈವ್ ಒತ್ತಿ, ಫೋನನ್ನು ಬೆತ್ತ ನೆನೆಸಿಟ್ಟ ಬಕೆಟ್ಟಿಗೆ ಒರಗಿಸಿಟ್ಟು ಮರೆತೇಬಿಟ್ಟಳು. ನೆನೆದ ಬೆತ್ತ ಕೈಗೆ ಬಂದರೆ ಅವಳಿಗೆ ಲೋಕದ ಪರಿವೆಯೇ ಇರುವುದಿಲ್ಲ.

ಕೊನೆಯ ಎಳೆ ಸಿಕ್ಕಿಸಿ ತಲೆಯೆತ್ತಿದಾಗ ಸೊಸೆ ಬಾಗಿಲಲ್ಲಿ ತನ್ನ ಫೋನು ಹಿಡಿದು ಬೆರಗಾಗಿ ನಿಂತಿದ್ದಳು. "ಅತ್ತೆ, ಮಧ್ಯಾಹ್ನದಿಂದ ಸಾವಿರಾರು ಜನ ನಿಮ್ಮ ಕೈಯನ್ನೇ ನೋಡ್ತಾ ಕೂತಿದಾರೆ!"

ಅತ್ತೆ ಒದ್ದೆ ಕೈ ಒರೆಸಿಕೊಂಡು ಆ ಪುಟ್ಟ ಪರದೆಯನ್ನು ನೋಡಿಯೇ ನೋಡಿದಳು.

"ಇಷ್ಟು ವರ್ಷ ಎಲ್ಲರೂ ಈ ಹೆಣಿಗೆ ಮೇಲೆ ಕೂತ್ರು ಕಣೇ," ಎಂದಳು ಮೆಲ್ಲಗೆ. "ನೋಡಿದ್ದು ಇವತ್ತೇ."