ಕದಲದ ಕಾಲಾಳು

ಮರೊಸ್ತಿಕಾ ಊರಿನ ಚೌಕದಲ್ಲಿ ಎರಡು ವರ್ಷಕ್ಕೊಮ್ಮೆ ಮನುಷ್ಯರೇ ಕಾಯಿಗಳಾಗಿ ಆಡುವ ಚದುರಂಗದಲ್ಲಿ ಒತ್ತೊರಿನೊ ಬಿಳಿ ಪಡೆಯ ಅಂಚಿನ ಕಾಲಾಳು. ಹಬ್ಬ ಹತ್ತಿರವಾದದ್ದೇ ತಡ, ಈಟಿಯನ್ನು ಫಳಫಳ ತಿಕ್ಕುತ್ತಾನೆ, ಮೀಸೆ ತಿರುವುತ್ತಾನೆ, "ಪೊಲೆಂತಾ ಕಮ್ಮಿ ಬಡ್ಸೇ, ಅಂಗಿ ಗುಂಡಿ ಹಾರ್ತದೆ!" ಎಂದು ಹೆಂಡತಿಯ ಮೇಲೆ ರೇಗುತ್ತಾನೆ. ಇಷ್ಟೆಲ್ಲ ಮಾಡಿ ಆಟದ ದಿನ ಅವನು ಮಾಡುವುದು ನಿಲ್ಲುವುದೊಂದೇ. ರಾಣಿ ಠೀವಿಯಿಂದ ಓಡಾಡುತ್ತಾಳೆ, ಕುದುರೆಗಳು ಲದ್ದಿ ಹಾಕುತ್ತವೆ. ಇವನು ಮಾತ್ರ ಕೊನೆಯವರೆಗೆ ತನ್ನ ಮನೆ ಬಿಟ್ಟು ಕದಲುವುದಿಲ್ಲ. "ಏನಣ್ಣಾ, ಬೇರು ಬಿಟ್ಯಾ?" ಎಂದು ಯಾರಾದರೂ ಕೆಣಕಿದರೆ, "ಲೇ, ನಾನು ಸರಿದ್ರೆ ರಾಜನ ಮನೆಗೆ ಬಾಗ್ಲೇ ಇರಲ್ಲ ಕಣೋ!" ಎಂದು ಎದೆಯುಬ್ಬಿಸುತ್ತಾನೆ. ಪ್ರತಿ ಸಲವೂ ಹಿಂದೆ ಯಾರೋ ಆಡಿದ ಪಂದ್ಯದ ನಡೆಗಳನ್ನೇ ಚೌಕದಲ್ಲಿ ಮತ್ತೆ ಆಡಿಸುತ್ತಾರೆ; ಆ ಪಂದ್ಯವನ್ನು ಆರಿಸುವವಳು ಹಬ್ಬದ ಸಮಿತಿಯ ಫ್ಲಾವಿಯಾ. ಒತ್ತೊರಿನೊನ ಮಂಡಿ ಸವೆದಾಗಿನಿಂದ ಅವಳು ಆ ಕಾಲಾಳು ಕದಲದ ಪಂದ್ಯವನ್ನೇ ಹುಡುಕಿ ತರುತ್ತಾಳೆಂಬುದು ಊರಿಗೆಲ್ಲ ಗೊತ್ತು. ಅವನೊಬ್ಬನಿಗೆ ಗೊತ್ತಿಲ್ಲವೆಂದು ಊರು ನಂಬಿತ್ತು. ಈ ಜೂನಿನಲ್ಲಿ, ಮಂಡಿಯ ಆಪರೇಷನ್ ಮುಗಿಸಿಕೊಂಡ ಒತ್ತೊರಿನೊ ಊರುಗೋಲನ್ನು ಬಾಗಿಲಲ್ಲೇ ಒರಗಿಸಿ ಒಳಗೆ ನಡೆದುಬಂದು, ತನ್ನ ತೋಟದ ಚೆರ್ರಿ ಹಣ್ಣಿನ ಬುಟ್ಟಿಯನ್ನು ಫ್ಲಾವಿಯಾಳ ಮೇಜಿನ ಮೇಲಿಟ್ಟ. "ಇಷ್ಟು ವರ್ಷ ನನಗೋಸ್ಕರ ಹುಡುಕಿದ್ಯಲ್ಲ ತಾಯಿ, ಈ ಸಲ ನಾನು ಒಂದೇ ಒಂದು ಮನೆ ಮುಂದೆ ಹೋಗೋ ಆಟ ಹುಡುಕು."